ಎನಿಡ್: ಸ್ನೋಡನ್ ಉಗಿರೈಲಿಗೆ ಹೆಚ್ಚು ದುಡ್ಡು ಕೊಡಬೇಕೇ?

ವೇಲ್ಸ್‌ನ ಲ್ಯಾನ್‌ಬೆರಿಸ್‌ನಿಂದ ಸ್ನೋಡನ್ ಬೆಟ್ಟದ ತುದಿಗೆ ಹೋಗುವ ರೈಲಿನಲ್ಲಿ ಎರಡು ಬಗೆಯ ಟಿಕೆಟ್: ಡೀಸೆಲ್, ಉಗಿ. ಉಗಿಯದು ದುಬಾರಿ. ಬೆಟ್ಟ-ಕೆರೆ ನೋಡುವುದಷ್ಟೇ ಆಸೆಯಾದರೆ ಡೀಸೆಲ್ ಸಾಕು. ಎರಡೂ ಓಡುವುದು ಅದೇ ಏಳೂವರೆ ಕಿ.ಮೀ. ಹಳಿಯ ಮೇಲೆ. ಹೆಚ್ಚಿನ ದುಡ್ಡು ಏನಿದ್ದರೂ ಎಂಜಿನ್‌ಗಾಗಿ.

ಅದರಲ್ಲೂ 2ನೇ ನಂಬರಿನ ಎನಿಡ್‌ಗಾಗಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದದ್ದು. ಹೆಸರು ಲ್ಯಾನ್‌ಬೆರಿಸ್‌ನ ಜಮೀನ್ದಾರ ಅಶೆಟನ್ ಸ್ಮಿತ್‌ರ ಮಗಳದು. 1894ರ ಡಿಸೆಂಬರ್‌ನಲ್ಲಿ ಕಾಮಗಾರಿಗೆ ಗುದ್ದಲಿ ಪೂಜೆ ಮಾಡಿದವಳು ಅವಳೇ ಎನ್ನಬಹುದು, ಪೂಜೆಯೊಂದನ್ನು ಬಿಟ್ಟು. 1ನೇ ಎಂಜಿನ್ನಿಗೆ ಅವಳ ತಾಯಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಲಾಡಾಸ್ ಎಂದಿಟ್ಟಿದ್ದರು. 1896ರ ಏಪ್ರಿಲ್ 6ರಂದು, ಸಂಚಾರ ಶುರುವಾದ ದಿನವೇ, ಇಳಿಜಾರಿನಲ್ಲಿ ಲಾಡಾಸ್‌ನ ಹಲ್ಲುಚಕ್ರ ಹಳಿಗಳ ನಡುವಿನ ಹಲ್ಲುಪಟ್ಟಿಯಿಂದ ಮೇಲೆದ್ದು ಎಂಜಿನ್ ಕಮರಿಗೆ ಬಿತ್ತು. ಬೋಗಿಯಿಂದ ಹಾರಿದ ಪ್ರಯಾಣಿಕರೊಬ್ಬರು ತೀರಿಕೊಂಡರು. ಆಮೇಲೆ ಹಲ್ಲುಪಟ್ಟಿಯ ಅಕ್ಕಪಕ್ಕ ಹಿಡಿಪಟ್ಟಿ ಕೂರಿಸಿದರು. ಎಂಜಿನ್ನಿನ ಕೊಕ್ಕೆ ಅದರಡಿ ಇರುವುದರಿಂದ ಚಕ್ರ ಈಗ ಮೇಲೇಳಲಾರದು.

ಪ್ಲಾಟ್‌ಫಾರ್ಮಿನಲ್ಲಿ ಬಾಯ್ಲರ್ ನೋಡಿ: ಮೂಗು ಕೆಳಗಾಗಿ ನಿಂತಂತಿದೆ. ಏರು ಶುರುವಾದರೆ ಅದು ಸಮತಟ್ಟಾಗುತ್ತದೆ. ಹಾಗಿಲ್ಲದಿದ್ದರೆ ನೀರೆಲ್ಲ ಹಿಂದಕ್ಕೆ ಸರಿದು ಮುಂದಿನ ಕೊಳವೆಗಳು ನೀರಿನಿಂದ ಹೊರಬಿದ್ದು ಸುಟ್ಟುಹೋಗುತ್ತವೆ. ಎಂಜಿನ್ ಬೋಗಿಯನ್ನು ಕೆಳಗಿನಿಂದ ದೂಡುತ್ತದೆ, ನಡುವೆ ಕೊಂಡಿಯಿಲ್ಲ. ಎಂಜಿನ್ ಕೈಕೊಟ್ಟರೆ ಬೋಗಿ ತನ್ನದೇ ಬ್ರೇಕ್ ಹಿಡಿದು ನಿಲ್ಲಬೇಕೆಂಬ ಲೆಕ್ಕ. ಮೆಟ್ಟುಪಾಳ್ಯಂ-ಕೂನೂರು ರೈಲು ಹತ್ತಿದವರಿಗೆ ಆಬ್ಟ್ ಎಂಬ ಬಗೆಯ ಈ ಹಲ್ಲುಪಟ್ಟಿ ಹೊಸದಲ್ಲ. ಅಲ್ಲಿ ಏರು ಹೆಚ್ಚೆಂದರೆ 12 ಮೀಟರಿಗೆ 1 ಮೀಟರ್, ಇಲ್ಲಿ ಐದೂವರೆ ಮೀಟರಿಗೇ 1. ವೇಗ ಗಂಟೆಗೆ ಸುಮಾರು 8 ಕಿ.ಮೀ., ನಡುವೆ ನೀರು ತುಂಬಿಸಿಕೊಳ್ಳಲು ನಿಲ್ಲುತ್ತದೆ. ತುದಿ ಮುಟ್ಟಲು ಒಂದು ಗಂಟೆ.

ಉಗಿ ಟಿಕೆಟ್ ಕೊಂಡ ಮಾತ್ರಕ್ಕೆ ಎನಿಡ್ಡೇ ಬರಬೇಕೆಂದಿಲ್ಲ, ಬೇರೆ ಉಗಿ ಎಂಜಿನ್‌ಗಳೂ ಇವೆ.

ತುದಿಯಲ್ಲಿ ಸಿಗುವುದು ಅರ್ಧ ಗಂಟೆ. ಇದು ತೀರಾ ಜಿಪುಣತನ. ಮೊದಲು 1,085 ಮೀಟರಿನ ಶಿಖರದ ಮೆಟ್ಟಿಲು ಹತ್ತಿ ಬನ್ನಿ, ಕಾಫಿ ಆಮೇಲೆ; ಕಾಫಿ ಸಾಲಿಗೆ ಮೊದಲು ನಿಂತವರು ಶಿಖರ ತಪ್ಪಿಸಿಕೊಳ್ಳುತ್ತಾರೆ. ವಾಪಸ್ ಟಿಕೆಟ್ ಬಂದ ರೈಲಿಗೇ ಸಲ್ಲುವಂಥದ್ದು, ಅದು ಹೊರಟುಹೋದರೆ ಕಾಲುದಾರಿಯೇ ಗತಿ. ರೈಲಿನಲ್ಲಿ ಶೌಚಾಲಯವಿಲ್ಲ, ಹತ್ತುವ ಮೊದಲೇ ಮುಗಿಸಿಕೊಳ್ಳಿ. ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಗಾಳಿ ಜೋರಾದರೆ ರೈಲು ಮುಕ್ಕಾಲು ದಾರಿಯ ಕ್ಲಾಗ್ವಿನ್‌ನಲ್ಲೇ ತಿರುಗುವುದುಂಟು. ಬುಕ್ ಮಾಡುವಾಗಲೇ ಆಗ ಎಷ್ಟು ಹಣ ಹಿಂತಿರುಗುತ್ತದೆಂದು ಷರತ್ತು ಓದಿಕೊಳ್ಳಿ.