ರಕ್ತದ ಸೀಸ ಅಳೆಯುವ ಪುಟ್ಟ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ಈ ಯಂತ್ರ ನನ್ನ ಬ್ಯಾಗ್ ಸೇರಿ ಮೂರು ವರ್ಷ ಆಯಿತು. ಮಕ್ಕಳ ತಪಾಸಣೆಗೂ ಒಯ್ದಿದ್ದೇನೆ, ಹಳೇ ಬ್ಯಾಟರಿ ಒಡೆಯುವ ಕೆಲಸಗಾರರ ತಪಾಸಣೆಗೂ ಒಯ್ದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಯಂತ್ರ ಚೆನ್ನಾಗಿದೆ. ಆದರೆ ರಕ್ತದ ಸೀಸಕ್ಕಿಂತ ಮುಂಚೆ ಅದು ಬೆರಳಿನ ಕೊಳೆಯನ್ನು ಅಳೆಯುತ್ತದೆ.

ಕೆಲಸ ಹೀಗೆ. ಬೆರಳು ಚುಚ್ಚಿ ಸಣ್ಣ ನಳಿಕೆಯಲ್ಲಿ 50 ಮೈಕ್ರೋಲೀಟರ್ ರಕ್ತ ತೆಗೆಯಬೇಕು. ದೊಡ್ಡದೊಂದು ಹನಿ ಅಷ್ಟೇ. ಅದನ್ನು ಆಮ್ಲದ ದ್ರಾವಣ ಇರುವ ಪುಟ್ಟ ಬಾಟಲಿಗೆ ಹಾಕಿ ಅಲ್ಲಾಡಿಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರಕ್ತದಲ್ಲಿರುವ ಸೀಸ ಹೆಚ್ಚುಕಡಿಮೆ ಎಲ್ಲವೂ ಆ ಕಣಗಳ ಒಳಗೇ ಇರುವುದು. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಒಂದು ಹನಿಯನ್ನು ಸೆನ್ಸರ್ ಪಟ್ಟಿಯ ಮೇಲೆ ಬಿಟ್ಟರೆ, ಪರದೆಯಲ್ಲಿ 180 ಸೆಕೆಂಡ್ ಒಂದೊಂದಾಗಿ ಇಳಿಯುತ್ತದೆ. ಒಳಗೆ ವಿದ್ಯುತ್ ಹರಿಸಿ ಸೀಸವನ್ನು ಪಟ್ಟಿಯ ಮೇಲೆ ಹತ್ತಿಸಿ, ಆಮೇಲೆ ಇಳಿಸಿ, ಇಳಿಯುವಾಗ ಹರಿಯುವ ಕರೆಂಟನ್ನು ಅಳೆಯುತ್ತದೆ ಯಂತ್ರ. ಬಸ್ಸಿಂದ ಇಳಿಯುವಾಗ ತಲೆ ಎಣಿಸಿದ ಹಾಗೆ.

ಈಗ ಕೊಳೆಯ ಕಥೆ. ಮೊದಲ ವರ್ಷ ಒಂದು ಮಗುವಿಗೆ 18 ಬಂತು. ಡೆಸಿಲೀಟರಿಗೆ 18 ಮೈಕ್ರೋಗ್ರಾಂ. 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಎದೆ ಧಸಕ್ಕೆಂದಿತು. ತಾಯಿ "ಮೇಡಂ, ಮಗೂಗೆ ಏನಾದ್ರೂ ಆಗಿದ್ಯಾ?" ಅಂತ ನನ್ನ ಮುಖವನ್ನೇ ನೋಡುತ್ತಿದ್ದರು. ತೋಳಿನಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿದೆ. ಬಂದದ್ದು 4. ಎಡವಟ್ಟು ಎಲ್ಲಾಯಿತು? ಕೈ ತೊಳೆಸಿದ್ದೆ ನಿಜ. ಆದರೆ ಸರದಿ ಬರುವವರೆಗೆ ಮಗು ಸುಮ್ನೆ ಕೂರುತ್ತದೆಯೇ? ಅಮ್ಮನ ಬೀಗದ ಕೈ ಗೊಂಚಲು ಹಿಡಿದು ಆಡುತ್ತಿತ್ತು. ಹಿತ್ತಾಳೆಯ ಕೀಲಿಯಲ್ಲಿ ಸೀಸ ಬೆರೆಸಿರುವುದು ಮಾಮೂಲು. ಚರ್ಮಕ್ಕೆ ಅಂಟಿದ ಆ ಒಂಚೂರು ಪುಡಿ ಹನಿಗೆ ಸೇರಿದರೂ ಸಾಕು, ಲೆಕ್ಕ ಹಾಳು.

ಅಂದಿನಿಂದ ಸೋಪು, ನೀರು, ಚುಚ್ಚುವ ಕುರ್ಚಿ ಮೂರೂ ಒಂದೇ ಕಡೆ. ಕೈ ತೊಳೆದ ಕ್ಷಣದಿಂದ ಆ ಬೆರಳು ಯಾವುದನ್ನೂ ಮುಟ್ಟುವಂತಿಲ್ಲ. ಸ್ಪಿರಿಟ್ ಹತ್ತಿ ಕ್ರಿಮಿ ಸಾಯಿಸುತ್ತದೆ, ಸೀಸ ತೆಗೆಯುವುದಿಲ್ಲ. ಮೊದಲ ಹನಿ ಒರೆಸಿ ಎಸೆಯುತ್ತೇನೆ. ನಳಿಕೆಯ ಹೊರಗೆ ಮೆತ್ತಿದ ರಕ್ತವನ್ನೂ ಒರೆಸುತ್ತೇನೆ, ಇಲ್ಲದಿದ್ದರೆ ಅಳತೆ 50ಕ್ಕಿಂತ ಜಾಸ್ತಿಯಾಗುತ್ತದೆ.

ದೂರು ಇಲ್ಲವೇ? ಇದೆ. ಯಂತ್ರ ಅಂಕಿ ತೋರಿಸುವುದೇ 3.3ರಿಂದ 65ರವರೆಗೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ಎಚ್ಚರಿಕೆಯ ಮಿತಿಯನ್ನು 5ರಿಂದ 3.5ಕ್ಕೆ ಇಳಿಸಿತು. ಅಂದರೆ ಎಲ್ಲಿ ಖಚಿತವಾಗಿ ಗೊತ್ತಾಗಬೇಕೋ ಅಲ್ಲೇ ಯಂತ್ರದ ಕಣ್ಣು ಮಂಜು. 3.9 ಬಂದರೆ ಅದು ನಿಜಕ್ಕೂ 3 ಇರಬಹುದು, 5 ಇರಬಹುದು. ಹಾಗಾಗಿ ಮಿತಿ ದಾಟಿದ ಪ್ರತಿ ರೀಡಿಂಗನ್ನೂ ತೋಳಿನ ರಕ್ತದಿಂದ ಲ್ಯಾಬಿನಲ್ಲೇ ಖಾತ್ರಿ ಮಾಡಿಸುತ್ತೇನೆ. ಆ ತೋಳಿನ ರಕ್ತವನ್ನು ಇದೇ ಯಂತ್ರಕ್ಕೆ ಹಾಕಿ ಮುಗಿಸೋಣ ಅಂದುಕೊಳ್ಳಬೇಡಿ. ಇಂಥ ಯಂತ್ರಗಳಲ್ಲಿ ಸಿರೆಯ ರಕ್ತ ಹಾಕಿದರೆ ಸೀಸ ಇರುವುದಕ್ಕಿಂತ ಕಡಿಮೆ ತೋರಿಸಬಹುದು ಅಂತ 2017ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು.

ಸೆಕೆಗೂ ಇದಕ್ಕೂ ಆಗಿಬರುವುದಿಲ್ಲ. ಬಿಸಿಲಲ್ಲಿ ನಿಂತ ವ್ಯಾನಿನಿಂದ ತೆಗೆದು ಆನ್ ಮಾಡಿದರೆ ತಾಪಮಾನ ಸರಿಯಿಲ್ಲ ಅಂತ ಮುಷ್ಕರ ಹೂಡುತ್ತದೆ. ನೆರಳಲ್ಲಿ ಇಟ್ಟು ಕಾಯಬೇಕು. ಸೆನ್ಸರ್ ಹೊಸ ಬ್ಯಾಚ್ ಬಂದಾಗಲೆಲ್ಲ ಕ್ಯಾಲಿಬ್ರೇಶನ್, ಅಂದರೆ ಯಂತ್ರವನ್ನು ಆ ಬ್ಯಾಚಿಗೆ ಹೊಂದಿಸುವುದು, ಆಮೇಲೆ ಸೀಸ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣದ ಪರೀಕ್ಷೆ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ಇನ್ನೊಂದು ಮಾತು, ಇದು ಯಂತ್ರದ ತಪ್ಪಲ್ಲ. ಹೊಸದಾಗಿ ಸೀಸ ಸೇರುವುದು ನಿಂತರೆ ರಕ್ತದ ಸೀಸ ಒಂದು ತಿಂಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂಳೆ ಸೇರಿದ್ದು ದಶಕಗಟ್ಟಲೆ ಕೂರುತ್ತದೆ. ಬ್ಯಾಟರಿ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಹಿರಿಯರೊಬ್ಬರಿಗೆ 7 ಬಂತು. ಅಷ್ಟೇನಾ ಅಂತ ನಕ್ಕರು. ಮೂಳೆಯಲ್ಲಿ ಎಷ್ಟಿದೆಯೋ, ಈ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಸೀಸದ ಮೂಲ ಹುಡುಕಲು ಎಕ್ಸ್‌ಆರ್‌ಎಫ್ ಗನ್ ಬೇರೆ ಬೇಕು, ಅಂದರೆ ಎಕ್ಸ್-ರೇ ಹಾಯಿಸಿ ವಸ್ತುವಿನಲ್ಲಿ ಯಾವ ಧಾತು ಇದೆ ಅಂತ ಹೇಳುವ ಕೈಯಂತ್ರ. ಬಣ್ಣ, ಮಣ್ಣು, ಆಟಿಕೆಗೆ ಅದನ್ನು ಹಿಡಿದರೆ ಸೆಕೆಂಡುಗಳಲ್ಲಿ ಉತ್ತರ. ನನಗೆ ಎರವಲು ಸಿಕ್ಕಾಗ ಮೊದಲು ಹಿಡಿದದ್ದು ನನ್ನದೇ ಕೀಲಿಗೆ, ಸೀಸ ಇತ್ತು! ಅದಕ್ಕೂ ಒಂದು ಕುಂಟು ಇದೆ. ಸೀಸ ಮತ್ತು ಆರ್ಸೆನಿಕ್‌ನ ಮುಖ್ಯ ಎಕ್ಸ್-ರೇ ಗೆರೆಗಳು ಎರಡೂ ಶಕ್ತಿಯ ಲೆಕ್ಕದಲ್ಲಿ 10.5 ಕೆಇವಿ ಹತ್ತಿರವೇ ಬೀಳುತ್ತವೆ, ಗನ್ನಿಗೆ ಒಂದನ್ನು ಇನ್ನೊಂದರಿಂದ ಬಿಡಿಸುವುದು ಕಷ್ಟ. ಸೀಸ ಜಾಸ್ತಿ ಇದ್ದ ಕಡೆ ಆರ್ಸೆನಿಕ್ ಅಂಕಿಯನ್ನು ನಾನು ನಂಬುವುದಿಲ್ಲ.

ಕೊಳ್ಳಬಹುದೇ? ದಿನಕ್ಕೆ ಹತ್ತಾರು ಜನರನ್ನು ಜರಡಿ ಹಿಡಿಯುವವರಾದರೆ ಕಣ್ಣುಮುಚ್ಚಿ ಕೊಳ್ಳಿ. ಅಲ್ಲೇ ಕೂತವರಿಗೆ ಅಲ್ಲೇ ಉತ್ತರ ಕೊಡುವುದು ದೊಡ್ಡ ಮಾತು, ಅಲ್ವಾ? ಲ್ಯಾಬ್ ವರದಿ ಬರುವಷ್ಟರಲ್ಲಿ ಎಷ್ಟೋ ಜನ ಮತ್ತೆ ಕೈಗೇ ಸಿಗುವುದಿಲ್ಲ. ಮನೆಯಲ್ಲಿ ಒಂದಿರಲಿ ಅನ್ನುವವರಿಗೆ ಬೇಡ. ಪರದೆಯಲ್ಲಿ 'ಲೋ' ಅಂತ ಬಂದಾಗ ತಾಯಂದಿರು "ಸೊನ್ನೆ ತಾನೇ?" ಅಂತ ಕೇಳುತ್ತಾರೆ. ನಾನು ಚೀಟಿಯಲ್ಲಿ "3.3ಕ್ಕಿಂತ ಕಡಿಮೆ" ಅಂತಲೇ ಬರೆದು ಕೊಡುತ್ತೇನೆ.