ಬ್ಯಾಟರಿ ಬದಲಿಸಲು ಹೋಗಿ ಬೋರ್ಡ್ ಸತ್ತ ಬಗೆ: ಫೋನ್ ರಿಪೇರಿ ಕಲಿಯುವವರಿಗೆ ಎಚ್ಚರಿಕೆ

ಚೆನ್ನಾಗಿ ನಡೆಯುತ್ತಿದ್ದ ಫೋನು, ಬ್ಯಾಟರಿ ಮಾತ್ರ ಸೋತಿತ್ತು. ರಿಪೇರಿ ಕಲಿಯುತ್ತಿದ್ದವರೊಬ್ಬರು, ಬ್ಯಾಟರಿ ತಾನೇ, ಸಾಲ್ಡರಿಂಗ್ ಕೂಡ ಬೇಕಿಲ್ಲವಲ್ಲ ಎಂದು ಬಿಚ್ಚಿದರು. ಮುಚ್ಚಿದಾಗ ಡಿಸ್‌ಪ್ಲೇ ಕಪ್ಪು. ಡಿಸ್‌ಪ್ಲೇಯೇ ಹೋಗಿರಬೇಕೆಂದು ಹೊಸದು ತಂದು ಹಾಕಿದರು. ಅದೂ ಕಪ್ಪು, ಮೇಲಾಗಿ ಈ ಸಲ ಫೋನು ಆನ್ ಆಗುವುದೇ ನಿಂತಿತು. ಹೊಸಬರ ಕೈಯಲ್ಲಿ ಫೋನುಗಳು ಸಾಯುವುದು ಹೆಚ್ಚಾಗಿ ಹೀಗೆಯೇ, ಸಾಲ್ಡರಿಂಗ್ ಐರನ್ ಬಿಸಿಯಾಗುವ ಮೊದಲೇ.

ಮೊದಲು ಕೆಟ್ಟದ್ದು ಬ್ಯಾಕ್‌ಲೈಟ್, ಅಂದರೆ ಡಿಸ್‌ಪ್ಲೇಯನ್ನು ಹಿಂದಿನಿಂದ ಬೆಳಗುವ ದೀಪ. ಸ್ವಿಚ್ ಆಫ್ ಮಾಡಿದ್ದೇನೆ, ಇನ್ನೇನು ಎಂದು ಬ್ಯಾಟರಿ ಕನೆಕ್ಟರ್ ಬಿಡಿಸದೆ ನೇರವಾಗಿ ಡಿಸ್‌ಪ್ಲೇ ಸ್ಟ್ರಿಪ್ (ಬೋರ್ಡಿಗೆ ಜೋಡಿಸುವ ಪಟ್ಟಿ ಕೇಬಲ್) ಎಳೆದಿದ್ದರು. ಆಫ್ ಆದ ಫೋನಿನಲ್ಲೂ ಬ್ಯಾಟರಿಯಿಂದ ಬೋರ್ಡಿಗೆ ವೋಲ್ಟೇಜ್ ಇದ್ದೇ ಇರುತ್ತದೆ. ಕೈಯಲ್ಲಿ ಹಿಡಿದು ತಿರುಗಿಸುವಾಗ ಪವರ್ ಬಟನ್ ಒತ್ತಿಹೋದರೆ ಗೊತ್ತಾಗುವುದೂ ಇಲ್ಲ. ಎಲ್‌ಸಿಡಿ ಡಿಸ್‌ಪ್ಲೇಯ ಹಿಂದೆ ಎಲ್‌ಇಡಿಗಳು ಸಾಲಾಗಿ, ಸೀರೀಸ್‌ನಲ್ಲಿ ಕೂತಿರುತ್ತವೆ. ಒಂದೊಂದಕ್ಕೂ ಸುಮಾರು 3 ವೋಲ್ಟ್ ಬೇಕು. ಹಾಗಾಗಿ ಬೋರ್ಡಿನ ಬೂಸ್ಟ್ ಸರ್ಕ್ಯೂಟ್ ಬ್ಯಾಟರಿಯ 4 ವೋಲ್ಟನ್ನು 20ರ ಆಸುಪಾಸಿಗೆ ಏರಿಸಿ ಡಿಸ್‌ಪ್ಲೇ ಕನೆಕ್ಟರಿನ ಒಂದು ಪಿನ್ನಿಗೆ ಕೊಡುತ್ತದೆ. ಆ ಕನೆಕ್ಟರಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅಂತರ ಅರ್ಧ ಮಿಲಿಮೀಟರೂ ಇಲ್ಲ. ಕರೆಂಟ್ ಇರುವಾಗ ಅದನ್ನು ಸ್ವಲ್ಪ ಓರೆಯಾಗಿ ಎಳೆದರೂ, ಒತ್ತಿದರೂ ಆ ವೋಲ್ಟೇಜ್ ಪಕ್ಕದ ಪಿನ್ನಿಗೆ ತಾಗುತ್ತದೆ. ದಾರಿಯಲ್ಲಿರುವ, ಫ್ಯೂಸಿನಂತೆ ಮೊದಲು ಸುಡುವ, ಸಾಸಿವೆಗಿಂತ ಸಣ್ಣ ಫಿಲ್ಟರ್ ಹೋಗುತ್ತದೆ. ದುರದೃಷ್ಟವಿದ್ದರೆ ಬ್ಯಾಕ್‌ಲೈಟ್ ಐಸಿಯೂ (ಆ ಬೆಳಕನ್ನು ನಡೆಸುವ ಚಿಪ್) ಹೋಗುತ್ತದೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ಕತ್ತಲಲ್ಲಿ ಟಾರ್ಚನ್ನು ಡಿಸ್‌ಪ್ಲೇಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಫೋನು ಆನ್ ಆಗಿದೆ, ಬೆಳಕು ಮಾತ್ರ ಇಲ್ಲ. ಆಗ ಬ್ಯಾಟರಿ ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಮೋಡಿಗಿಟ್ಟು ಫಿಲ್ಟರಿನ ಎರಡು ತುದಿ ಮುಟ್ಟಿ. ಬೀಪ್ ಬರದಿದ್ದರೆ ಅದು ಸುಟ್ಟಿದೆ. ಅದರ ಬದಲು ತಂತಿಯ ಜಂಪರ್ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಬೆಳಕು ಬರುತ್ತದೆ, ನಿಜ, ಆದರೆ ಮುಂದಿನ ಶಾರ್ಟ್ ನೇರವಾಗಿ ಐಸಿಯನ್ನೇ ತಿನ್ನುತ್ತದೆ. ಈ ಪರೀಕ್ಷೆ ಮಾಡಿದ್ದರೆ ಎರಡನೇ ಡಿಸ್‌ಪ್ಲೇ ತರುವ ಅಗತ್ಯವೇ ಇರಲಿಲ್ಲ. ಓಎಲ್‌ಇಡಿಯಲ್ಲಿ (ತಾನೇ ಬೆಳಗುವ ಡಿಸ್‌ಪ್ಲೇ) ಬ್ಯಾಕ್‌ಲೈಟ್ ಇಲ್ಲದಿದ್ದರೂ ಅದಕ್ಕೂ ಬೇರೆ ಬೇರೆ ವೋಲ್ಟೇಜ್‌ಗಳು ಬೇಕಾಗುತ್ತವೆ, ಆದ್ದರಿಂದ ಅಲ್ಲೂ ಇದೇ ನಿಯಮ: ಬಿಚ್ಚುವಾಗ ಬ್ಯಾಟರಿ ಕನೆಕ್ಟರ್ ಎಲ್ಲಕ್ಕಿಂತ ಮೊದಲು, ಜೋಡಿಸುವಾಗ ಎಲ್ಲಕ್ಕಿಂತ ಕೊನೆಗೆ. ಬಿಡಿಸಲು ಪ್ಲಾಸ್ಟಿಕ್ ಉಪಕರಣವನ್ನೇ ಬಳಸಿ. ಕನೆಕ್ಟರಿನ ಅಂಚಿಗೇ ಅದರ ತುದಿ ಕೊಡಿ. ಸ್ವಲ್ಪ ಆಚೆ ಕೊಟ್ಟರೆ ಪಕ್ಕದ ಕೆಪಾಸಿಟರುಗಳು ಕಿತ್ತು ಬರುತ್ತವೆ.

ಬೋರ್ಡನ್ನು ಕೊಂದದ್ದು ಮಾತ್ರ, ಎರಡನೇ ಸಲ ಮುಚ್ಚುವಾಗ ತಪ್ಪು ರಂಧ್ರಕ್ಕೆ ಹೋದ ಒಂದು ಸ್ಕ್ರೂ. ಕನೆಕ್ಟರುಗಳ ಮೇಲಿನ ತಗಡಿನ ಮುಚ್ಚಳಕ್ಕೆ ನಾಲ್ಕೈದು ಸ್ಕ್ರೂಗಳಿರುತ್ತವೆ, ನೋಡಲು ಎಲ್ಲ ಒಂದೇ. ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಗಿಡ್ಡ ಸ್ಕ್ರೂ ಇರಬೇಕಾದ ರಂಧ್ರಕ್ಕೆ ಉದ್ದದ್ದು ಹೋದರೆ ಅದು ಬೋರ್ಡನ್ನು ಕೊರೆಯುತ್ತದೆ. ಫೋನಿನ ಬೋರ್ಡ್ ತೆಳುವಾಗಿದ್ದರೂ ಅದರೊಳಗೆ ಹಲವು ತಾಮ್ರದ ಪದರಗಳಿವೆ. ಸ್ಕ್ರೂ ತುದಿ ಒಳಗಿನ ಗೆರೆಗಳನ್ನು ಕತ್ತರಿಸುತ್ತದೆ, ಇಲ್ಲವೇ ಎರಡು ಪದರಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಮೇಲೆ ಕಾಣುವುದು ಒಂದು ಚುಕ್ಕೆಯಷ್ಟೆ. ಮೇಲ್ಪದರದ ಗೆರೆಯಾದರೆ ಮೈಕ್ರೋಸ್ಕೋಪಿನ ಕೆಳಗೆ ಜಂಪರ್ ಹಾಕಿ ಉಳಿಸಬಹುದು. ಒಳಪದರದ್ದಾದರೆ ನುರಿತವರೂ ಕೈಚೆಲ್ಲುತ್ತಾರೆ.

ಸ್ಕ್ರೂಗಳನ್ನು ಒಂದು ತಟ್ಟೆಗೆ ಸುರಿಯಬೇಡಿ. ಕಾಗದದ ಮೇಲೆ ಫೋನಿನ ಆಕಾರ ಬರೆದು, ಎರಡೂ ಕಡೆ ಅಂಟುವ ಟೇಪ್ ಹಚ್ಚಿ, ಪ್ರತಿ ಸ್ಕ್ರೂವನ್ನು ಅದು ಬಂದ ಜಾಗದಲ್ಲೇ ಅಂಟಿಸಿ. ಹಾಕುವಾಗ ತಲೆ ಕೂರುವ ಮೊದಲೇ ಬಿಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ತೆಗೆಯಿರಿ. ಇನ್ನರ್ಧ ಸುತ್ತು ನೋಡೋಣ ಎನ್ನುವುದರಲ್ಲೇ ಬೋರ್ಡ್ ಹೋಗುತ್ತದೆ.

ಫೋನು ಹೋದರೆ ಹೋಯಿತು ಎನ್ನಬಹುದು. ಬ್ಯಾಟರಿ ಹಾಗಲ್ಲ, ಅದು ಕೈಯನ್ನೇ ಸುಡುತ್ತದೆ. ಅದು ಅಂಟಿಕೊಂಡಿತ್ತೆಂದು ಅದೇ ಮೇಜಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿದ್ದರು. ಬ್ಯಾಟರಿ ಡೊಂಕಾಯಿತು, ಹೊತ್ತಿಕೊಳ್ಳಲಿಲ್ಲ, ಅದು ಅದೃಷ್ಟ. ಒಳಗೆ ಧನ, ಋಣ ಹಾಳೆಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ ಮಾತ್ರ. ಮಡಚಿದರೆ, ಚುಚ್ಚಿದರೆ ಅದು ಹರಿದು ಒಳಗೇ ಶಾರ್ಟ್ ಆಗುತ್ತದೆ. ತುಂಬಿದ ಬ್ಯಾಟರಿ ಹೆಚ್ಚು ರಭಸದಿಂದ ಉರಿಯುವುದರಿಂದ ಬಿಚ್ಚುವ ಮೊದಲು ಚಾರ್ಜನ್ನು 25 ಶೇಕಡಕ್ಕಿಂತ ಕೆಳಗಿಳಿಸಿ. ಎಳೆಯುವ ಅಂಟುಪಟ್ಟಿ ಇದ್ದರೆ ಮೇಲಕ್ಕಲ್ಲ, ಬ್ಯಾಟರಿಯ ಮಟ್ಟಕ್ಕೇ ಬಾಗಿಸಿ ನಿಧಾನವಾಗಿ ಎಳೆಯಿರಿ. ಅದು ತುಂಡಾದರೆ 90 ಶೇಕಡಕ್ಕಿಂತ ಹೆಚ್ಚು ಶುದ್ಧತೆಯ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಿರಿಂಜಿನಿಂದ ಅಂಚಿಗೆ ಕೆಲವು ಹನಿ ಬಿಟ್ಟು, ಎರಡು ಮೂರು ನಿಮಿಷ ಕಾದು, ಪ್ಲಾಸ್ಟಿಕ್ ಕಾರ್ಡ್ ತೂರಿಸಿ. ಬಿಡದಿದ್ದರೆ ಇನ್ನಷ್ಟು ಹನಿ, ಇನ್ನಷ್ಟು ಕಾಯುವಿಕೆ. (ವೀಡಿಯೊಗಳಲ್ಲಿ ಕತ್ತರಿಸಿ ಹಾಕುವುದು ಈ ಕಾಯುವ ಭಾಗವನ್ನೇ.) ಆಲ್ಕೋಹಾಲ್ ಹಾಕಿದ ಮೇಲೆ ಹಾಟ್ ಏರ್ ಹತ್ತಿರ ತರಬೇಡಿ, ಅದರ ಆವಿಗೆ ಬೆಂಕಿ ಹಿಡಿಯುತ್ತದೆ.

ಡೊಂಕಾದ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಹಾಕಬೇಡಿ, ಚಾರ್ಜ್ ಮಾಡಬೇಡಿ, ಗಾಳಿ ತೆಗೆಯುತ್ತೇನೆಂದು ಚುಚ್ಚಲೇಬೇಡಿ. ಸಿಹಿಯಾದ ಥಿನ್ನರಿನಂಥ ವಾಸನೆ, ಬುಸ್ಸೆನ್ನುವ ಸದ್ದು, ಬಿಸಿ, ಯಾವುದೇ ಬಂದರೂ ಉಳಿದ ಕೆಲಸ ಬಿಟ್ಟು, ಉದ್ದನೆಯ ಇಕ್ಕಳದಿಂದ ಅದನ್ನು ಒಣಮರಳಿನ ಲೋಹದ ಬಕೆಟ್ಟಿಗೆ ಹಾಕಿ ಹೊರಗಿಡಿ. ಫೋನು ಬಿಚ್ಚುವ ಮೊದಲೇ ಬಕೆಟ್ ಪಕ್ಕದಲ್ಲಿರಬೇಕು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಬಗ್ಗಿ ನೋಡಬೇಡಿ.

ಕೆಲಸ ಮುಗಿದ ಮೇಲೆ ಹೊಸ ಬ್ಯಾಟರಿಯನ್ನು ತಕ್ಷಣ ಜೋಡಿಸದೆ, ಅನುಕೂಲವಿದ್ದರೆ ಡಿಸಿ ಪವರ್ ಸಪ್ಲೈಯಿಂದ 4 ವೋಲ್ಟ್ ಕೊಟ್ಟು, ಕರೆಂಟ್ ಮಿತಿ 1 ಆಂಪಿಯರಿಗಿಟ್ಟು ನೋಡಿ. ಪವರ್ ಬಟನ್ ಒತ್ತುವ ಮೊದಲು ಕರೆಂಟ್ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒತ್ತಿದ ಮೇಲೆ ಏರಿ ಇಳಿಯುತ್ತಿದ್ದರೆ ಫೋನು ಬೂಟ್ ಆಗುತ್ತಿದೆ. ಒತ್ತದೆಯೇ ಮಿತಿ ಮುಟ್ಟಿದರೆ ಬ್ಯಾಟರಿಯಿಂದ ಬೋರ್ಡಿಗೆ ಹೋಗುವ ಮುಖ್ಯ ಲೈನಿನಲ್ಲಿ ಶಾರ್ಟ್ ಇದೆ. ಅಂಥ ಬೋರ್ಡಿಗೆ ಬ್ಯಾಟರಿ ಹಾಕಬೇಡಿ, ಮೊದಲು ಸ್ಕ್ರೂ ರಂಧ್ರಗಳ ಸುತ್ತ ಹುಡುಕಿ.