ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆ ಕೀಳಲು ಬಿಡಬೇಡಿ

ಎಎಂಡಿ ರೈಜನ್ ಪ್ರೊಸೆಸರ್ ಇರುವ ಡೆಸ್ಕ್‌ಟಾಪನ್ನು ಧೂಳು ತೆಗೆಸಲು ರಿಪೇರಿ ಅಂಗಡಿಗೆ ಒಯ್ಯುವವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ಹೀಟ್‌ಸಿಂಕ್ ಎಂದರೆ ಪ್ರೊಸೆಸರಿನ ಬಿಸಿ ಹೀರಲು ಅದರ ಮೇಲೆ ಫ್ಯಾನ್ ಸಮೇತ ಕೂರಿಸಿರುವ ಲೋಹದ ಭಾಗ. ಅದನ್ನು ಎಳೆದ ಒಂದೇ ಒಂದು ಎಳೆತಕ್ಕೆ ನನ್ನ ಪ್ರೊಸೆಸರ್ ಹಾಳಾಗಿದೆ, ಅದೂ ನನ್ನ ಕಣ್ಣೆದುರಿಗೇ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮೇ ತಿಂಗಳು, ಲಗ್ನಪತ್ರಿಕೆಗಳ ಕೆಲಸ ಜೋರಾಗಿ ನಡೆದಿತ್ತು. ಕಂಪ್ಯೂಟರ್ ಬಿಸಿಯಾಗಿ ನಡುನಡುವೆ ತಾನಾಗಿಯೇ ಬಂದ್ ಆಗತೊಡಗಿತು. ಬಿಸಿ ದಾಟಿಸಲು ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬೇಕು ಎಂದು ರಿಪೇರಿಗೆ ಕೊಟ್ಟೆ. ರಾತ್ರಿಯಿಡೀ ಅದು ರಿಪೇರಿ ಅಂಗಡಿಯಲ್ಲೇ ಬಂದ್ ಆಗಿ ತಣ್ಣಗೆ ಇತ್ತು. ಮರುದಿನ ಬೆಳಿಗ್ಗೆ ಹುಡುಗನೊಬ್ಬ ನಾಲ್ಕು ಸ್ಕ್ರೂ ಬಿಚ್ಚಿ, ಫ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಟಕ್ಕೆಂದು ಸದ್ದಾಯಿತು. ಹೀಟ್‌ಸಿಂಕ್ ಜೊತೆಗೆ ಪ್ರೊಸೆಸರೂ ಕಿತ್ತು ಬಂತು. ಪ್ರೊಸೆಸರ್ ಕೂರುವ ಸಾಕೆಟ್‌ನ ಬೀಗದಂತಿರುವ ಲಿವರ್ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು. ಮೂಲೆಯಲ್ಲಿ ಒಂದು ಸಾಲು ಪಿನ್ನು ಒಂದೇ ಕಡೆಗೆ ವಾಲಿದ್ದವು. ಅವನು ಸ್ಕ್ರೂಡ್ರೈವರ್ ತುದಿಯಿಂದ ಅವನ್ನು ಎತ್ತಿ ನಿಲ್ಲಿಸಲು ಹೋದ. ಎರಡು ಮುರಿದು ಮೇಜಿನ ಮೇಲೆ ಬಿದ್ದವು. ಆಮೇಲೆ ಮಾಲೀಕರು ಬಂದು, "ಅಕ್ಕಾ, ನಿಮ್ಮ ಪ್ರೊಸೆಸರ್ ಮೊದಲೇ ಹೋಗಿತ್ತು" ಎಂದರು. ಹಿಂದಿನ ದಿನ ಅದೇ ಕಂಪ್ಯೂಟರಿನಲ್ಲಿ ನಾನು ಪತ್ರಿಕೆಗಳ ಪ್ರಿಂಟ್ ತೆಗೆದಿದ್ದೆ. ಆ ಮಾತು ನನಗೆ ಈಗಲೂ ನುಂಗಲಾಗದ ತುತ್ತು.

ಕಾರಣ ಬಹಳ ಸರಳ. 2017ರಿಂದ ಬಂದ ರೈಜನ್ 1000ದಿಂದ 5000ದವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎಎಂ4 ಸಾಕೆಟ್‌ನಲ್ಲಿ ಕೂರುತ್ತವೆ. ಇವುಗಳ ಅಡಿಯಲ್ಲೇ 1331 ಸೂಕ್ಷ್ಮ ಪಿನ್ನುಗಳಿರುತ್ತವೆ. ಲಿವರ್ ಹಾಕಿದಾಗ ಸಾಕೆಟ್ ಆ ಪಿನ್ನುಗಳನ್ನು ಪಕ್ಕದಿಂದ ಹಿಡಿಯುತ್ತದೆಯೇ ಹೊರತು ಪ್ರೊಸೆಸರನ್ನು ಮೇಲಿನಿಂದ ಅದುಮಿ ಹಿಡಿಯುವ ಚೌಕಟ್ಟು ಅಲ್ಲಿಲ್ಲ. ಒಣಗಿದ ಪೇಸ್ಟಿನ ಹಿಡಿತ ಅದಕ್ಕಿಂತ ಬಿಗಿ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಅಂಟಿಕೊಂಡರೆ ಎಳೆದು ಬಿಡಿಸಲಾಗದು, ಜಾರಿಸಿದರೆ ಬಿಡುತ್ತವೆ, ಇಲ್ಲಿಯೂ ಹಾಗೆಯೇ. ಇಂಟೆಲ್‌ನ ಡೆಸ್ಕ್‌ಟಾಪ್‌ಗಳಲ್ಲಿ 2004ರಿಂದೀಚೆಗೆ, ಎಎಂಡಿಯ 2022ರ ಎಎಂ5 ಸಾಕೆಟ್‌ನಲ್ಲಿ, ಪಿನ್ನುಗಳು ಮದರ್‌ಬೋರ್ಡಿಗೆ, ಅಂದರೆ ಸಾಕೆಟ್ ಇರುವ ಮುಖ್ಯ ಬೋರ್ಡಿಗೆ, ಹೋಗಿವೆ. ಪ್ರೊಸೆಸರನ್ನು ಲೋಹದ ಚೌಕಟ್ಟು ಒತ್ತಿ ಹಿಡಿಯುತ್ತದೆ. ಅಲ್ಲಿ ಈ ಅಪಾಯ ತೀರಾ ಕಡಿಮೆ. ಆದರೆ ಎಎಂ4 ಯಂತ್ರಗಳು ನಮ್ಮ ಊರುಗಳ ಅಂಗಡಿ, ಮನೆಗಳಲ್ಲಿ ಇನ್ನೂ ಬೇಕಾದಷ್ಟಿವೆ.

ಬಿಸಿ ಮಾಡಿದರೆ ಪೇಸ್ಟ್ ಮೆತ್ತಗಾಗಿ ಹಿಡಿತ ಸಡಿಲಿಸುತ್ತದೆ. ಆದರೆ ನಮ್ಮ ಬಿಸಿಲಿಗೇ ಅದು ಮೆತ್ತಗಾಗಿರುತ್ತದೆ ಎಂದುಕೊಳ್ಳಬೇಡಿ. ಹೊರಗೆ ನಲವತ್ತು ಡಿಗ್ರಿ ಇದ್ದರೂ ಅದು ಸಾಲದು. ಬಿಚ್ಚುವ ಮೊದಲು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟು ಓಡಿಸಬೇಕು, ಬಂದ್ ಮಾಡಿ ವೈರ್ ಕಿತ್ತು, ಬಿಸಿ ಆರುವ ಮೊದಲೇ ಕೈ ಹಾಕಬೇಕು. ಶುರುವೇ ಆಗದ ಯಂತ್ರವಾದರೆ ಹೇರ್ ಡ್ರೈಯರ್‌ನಿಂದ ಹೀಟ್‌ಸಿಂಕ್ ಬುಡಕ್ಕೆ ಗಾಳಿ ಕೊಡಬಹುದು. ಫ್ಯಾನ್ ವೈರ್ ಬಿಡಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಆಮೇಲೆ ಎತ್ತಬೇಡಿ. ಇದನ್ನೇ ನಾನು ಕೈಮುಗಿದು ಹೇಳುವುದು: ಎತ್ತಬೇಡಿ, ತಿರುಗಿಸಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಸಣ್ಣಗೆ, ಅವಸರವಿಲ್ಲದೆ. ಪೇಸ್ಟ್ ಬಿಟ್ಟಿತೆಂದರೆ ಹೀಟ್‌ಸಿಂಕ್ ತಾನಾಗಿ ಜಾರತೊಡಗುತ್ತದೆ, ಕೈಗೇ ಗೊತ್ತಾಗುತ್ತದೆ. ಬಿಡದಿದ್ದರೆ ಮತ್ತೆ ಬಿಸಿ ಮಾಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮದರ್‌ಬೋರ್ಡಿನ ತಾಮ್ರದ ಗೆರೆಗಳೇ ಕತ್ತರಿಸಿ ಹೋಗುತ್ತವೆ.

ಇಷ್ಟಾಗಿಯೂ ಪ್ರೊಸೆಸರ್ ಅಂಟಿಕೊಂಡೇ ಹೊರಬಂದರೆ ಗಾಬರಿ ಬೇಡ, ಪಿನ್ನುಗಳಿಗೆ ಏನನ್ನೂ ತಾಗಿಸದಿರಿ. ಎರಡೂ ಅಂಟಿರುವ ಅಂಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ (ಪೇಸ್ಟ್ ಒರೆಸಲು ಬಳಸುವ ದ್ರವ) ಹನಿಸಿ ಸ್ವಲ್ಪ ಹೊತ್ತು ಬಿಟ್ಟು, ಪ್ರೊಸೆಸರಿನ ಎರಡು ಬದಿ ಹಿಡಿದು ಮೆಲ್ಲಗೆ ತಿರುಗಿಸಿ. ಮತ್ತೆ ಕೂರಿಸುವಾಗ ಮೊದಲು ಲಿವರ್ ಎತ್ತಿರಬೇಕು, ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್‌ನ ಗುರುತಿಗೆ ಹೊಂದಬೇಕು. ಒತ್ತುವ ಅಗತ್ಯವೇ ಬೀಳಬಾರದು. ಬಾಗಿದ ಪಿನ್ನಿದ್ದರೆ ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯೊಳಗೆ ಅದನ್ನು ತೂರಿಸಿ ನಿಧಾನವಾಗಿ ನೇರ ಮಾಡಬಹುದು. ಹಿಂದೆ ಮುಂದೆ ಬಾಗಿಸುತ್ತ ಹೋದರೆ ಮುರಿಯುತ್ತದೆ.

ರಿಪೇರಿಗೆ ಕೊಡುವವರು ಎದುರಿಗೇ ಬಿಚ್ಚಲು ಹೇಳಿ, ಬಿಸಿ ಮಾಡಿ ತಿರುಗಿಸುತ್ತೀರಾ ಎಂದು ಮೊದಲೇ ಕೇಳಿ. ಯಂತ್ರ ಓಡುತ್ತಿರುವ ಸಣ್ಣ ವಿಡಿಯೊವನ್ನು ಅಂಗಡಿಯಲ್ಲೇ ತೆಗೆದಿಟ್ಟುಕೊಳ್ಳಿ. ಪ್ರೊಸೆಸರ್ ಹಾಳಾದರೂ ಡಿಸ್ಕ್ ಬೇರೆಯೇ ಇರುತ್ತದೆ, ಫೈಲುಗಳು ಹೋಗುವುದಿಲ್ಲ. ಪೂರ್ತಿ ಹೊಸ ಸಿಸ್ಟಂ ಕೊಳ್ಳಿ ಎಂದರೆ ಒಪ್ಪಬೇಡಿ. ಮುರಿದ ಪಿನ್ನಿನ ತುಂಡು ಸಾಕೆಟ್‌ನಲ್ಲಿ ಉಳಿದಿಲ್ಲವೆಂದು ಟಾರ್ಚ್ ಹಿಡಿದು ನೋಡಿಸಿ. ಮದರ್‌ಬೋರ್ಡ್ ಚೆನ್ನಾಗಿದ್ದರೆ ಅದಕ್ಕೆ ಹೊಂದುವ ಪ್ರೊಸೆಸರ್ ಒಂದನ್ನೇ ತಂದು ಹಾಕಿಸಿದರೆ ಸಾಕು.